ನಾಲ್ಕನೇ ತರಗತಿಯ ‘ತೊಗಲಿನ ಪಾಠ’ದ ಕುರಿತು

ಮಾನ್ಯ ಪೋಷಕರೆ,

ನಮಸ್ಕಾರಗಳು. ಕಳೆದ ಶುಕ್ರವಾರ ಬೈಬಲ್ ಪಾಠ ಮುಗಿಸಿಕೊಂಡು ಬಂದ ಮಕ್ಕಳು ‘ಇವತ್ತು ತೊಗಲು ಹದಮಾಡಿದೆವು’ ಎಂದು ಮನೆಯಲ್ಲಿ ಹೇಳಿದರೆಂದೂ, ಅವರ ಕೈಯೂ ಸಮವಸ್ತ್ರವೂ ಕಂದುಬಣ್ಣಕ್ಕೆ ತಿರುಗಿದ್ದವೆಂದೂ ನಿಮ್ಮಲ್ಲಿ ಹಲವರು ನನ್ನ ಗಮನಕ್ಕೆ ತಂದಿದ್ದೀರಿ. ತರಗತಿಗೆ ಯಾವ ಪ್ರಾಣಿಯ ಚರ್ಮವನ್ನೂ ತಂದಿರಲಿಲ್ಲ. ಮಕ್ಕಳು ಮುಟ್ಟಿದ್ದು ಪುಸ್ತಕಕ್ಕೆ ಬೈಂಡ್ ಹಾಕುವ ಖಾಕಿ ಕಾಗದವನ್ನು; ಅಂಗಿಗೆ ಆದದ್ದು ಚಹಾ ಡಿಕಾಕ್ಷನ್ನಿನ ಕಲೆ.

ಕಾಗದವನ್ನು ಚೆನ್ನಾಗಿ ಮುದುಡಿ, ಆರಿದ ಡಿಕಾಕ್ಷನ್ನಿನಲ್ಲಿ ಅದ್ದಿ, ಹರಡಿ ಒಣಗಿಸಿ, ಎರಡು ಹನಿ ಕೊಬ್ಬರಿ ಎಣ್ಣೆ ತಿಕ್ಕಿದರೆ ಅದು ತೊಗಲಿನ ಹಾಗೆಯೇ ಸುಕ್ಕುಗಟ್ಟಿ ಮೆತ್ತಗಾಗುತ್ತದೆ. ಅದನ್ನು ಪಟ್ಟಿಯಾಗಿ ಕತ್ತರಿಸಿ, ತೂತು ಮಾಡಿ ಗೋಣಿದಾರ ಪೋಣಿಸಿದರೆ ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸ್ನಾನಿಕ ಯೋಹಾನನು ಕಟ್ಟಿಕೊಂಡಿದ್ದಂಥ ನಡುಪಟ್ಟಿ ಸಿದ್ಧವಾಗುತ್ತದೆ. ಚಹಾವನ್ನು ಬಳಸಿದ್ದಕ್ಕೂ ಕಾರಣವಿದೆ. ಆ ಕಾಲದ ಚರ್ಮಕಾರರು ಹಸಿದೊಗಲನ್ನು ನೆನೆಸಿ, ಕೂದಲು ಹೆರೆದು, ದಾಳಿಂಬೆ ಸಿಪ್ಪೆ, ಮರದ ತೊಗಟೆ ಮುಂತಾದವುಗಳ ಒಗರು ನೀರಿನಲ್ಲಿ ಇಡುತ್ತಿದ್ದರು. ತೊಗಲನ್ನು ಕೊಳೆಯದಂತೆ ಕಾಯುವುದು ಆ ಒಗರೇ. ನಮ್ಮ ಕಡೆ ತಂಗಡಿ ತೊಗಟೆ ಮಾಡುತ್ತಿದ್ದ ಕೆಲಸವೂ ಇದೇ. ದ್ರಾಕ್ಷಾರಸ ತುಂಬಿಡುವ ಚೀಲವಾದ ಬುದ್ದಲಿ, ಚಪ್ಪಲಿ, ಇಸ್ರಾಯೇಲ್ಯರ ಆರಾಧನೆಯ ಡೇರೆಯಾದ ದೇವದರ್ಶನ ಗುಡಾರದ ಕೆಂಪು ಹೊದಿಕೆ ಎಲ್ಲವೂ ಹೀಗೆ ಹದಗೊಂಡ ತೊಗಲಿನವು. 1947ರ ಸುಮಾರಿಗೆ ಮೃತ ಸಮುದ್ರದ ಬಳಿಯ ಗುಹೆಯಲ್ಲಿ ದೊರೆತ, ಬೈಬಲ್ಲಿನ ಪ್ರವಾದಿ ಯೆಶಾಯನ ಗ್ರಂಥವೂ 17 ಚರ್ಮದ ಹಾಳೆಗಳನ್ನು ಹೊಲಿದು ಮಾಡಿದ, 7 ಮೀಟರಿಗೂ ಉದ್ದವಾದ ಸುರುಳಿ.

‘ಇದೆಲ್ಲ ಸರಿ, ನಮ್ಮ ಮಕ್ಕಳಿಗೆ ಈ ಕೆಲಸವೇ ಏಕೆ?’ ಎಂದು ಕೆಲವರು ಕೇಳಿದಿರಿ. ಕೇಳಿದ್ದಕ್ಕೆ ನನಗೆ ಬೇಸರವಿಲ್ಲ. ಮನೆಯ ಹಿರಿಯರಿಗೆ ಉತ್ತರ ಹೇಳಬೇಕಾದ ನಿಮ್ಮ ಕಷ್ಟವೂ ನನಗೆ ಅರ್ಥವಾಗುತ್ತದೆ. ಆದರೆ ಆ ಪ್ರಶ್ನೆಯೇ ಈ ಪಾಠದ ವಿಷಯ. ಚರ್ಮ ಹದಮಾಡುವ ಜಾಗ ಊರಿನಿಂದ 50 ಮೊಳ ದೂರವಿರಬೇಕು, ಅದೂ ಪೂರ್ವ ದಿಕ್ಕಿಗೇ ಇರಬೇಕು ಎಂದು ಯೆಹೂದ್ಯರ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾದಲ್ಲಿ ನಿಯಮವಿದೆ. ಹಾಗೆ ದೂರವಿಟ್ಟ ಕಸುಬಿನವನಾದ ಸೀಮೋನನ ಮನೆಯಲ್ಲಿ, ಯೊಪ್ಪ ಪಟ್ಟಣದ ಕಡಲ ದಂಡೆಯಲ್ಲಿ, ಯೇಸುವಿನ ಶಿಷ್ಯ ಪೇತ್ರನು ಬಹಳ ದಿನ ಉಳಿದುಕೊಂಡನು. ದೇವರು ಶುದ್ಧಮಾಡಿದ್ದನ್ನು ಹೊಲೆ ಎನ್ನಬಾರದೆಂಬ ಮಾತು ಅವನಿಗೆ ಕೇಳಿಸಿದ್ದು ಅದೇ ಮನೆಯ ಮಾಳಿಗೆಯ ಮೇಲೆ. ಹರಳಯ್ಯ ದಂಪತಿಯ ಚಮ್ಮಾವುಗೆಯ ಕಥೆಗೆ ಕೈಮುಗಿಯುವ ನಾಡಿನಲ್ಲಿ ಇದನ್ನು ನಾನು ಇಷ್ಟು ವಿವರಿಸಬೇಕಾಗಿ ಬಂದದ್ದು ತುಸು ವಿಚಿತ್ರವೇ. ಯಾರ ಮನಸ್ಸನ್ನೂ ನೋಯಿಸುವ ಉದ್ದೇಶ ಶಾಲೆಗಿಲ್ಲ, ಆದರೂ ಪಾಠವನ್ನು ಕೈಬಿಡಲಾಗದು. ಯಾವ ಮಗುವನ್ನೂ ಅದರಿಂದ ಹೊರಗೆ ಕೂರಿಸುವುದೂ ಇಲ್ಲ.

ಸಮವಸ್ತ್ರದ ವಿಷಯದಲ್ಲಿ ಮಾತ್ರ ತಪ್ಪು ನಮ್ಮದೇ. ಹಳೆಯ ಬಟ್ಟೆಯ ಸೂಚನೆಯನ್ನು ಮೊದಲೇ ಕೊಡಬೇಕಿತ್ತು.

ನಡುಪಟ್ಟಿಯ ಉಳಿದ ಕೆಲಸಕ್ಕಾಗಿ ಬುಧವಾರ ಮಗುವಿನ ಕೈಯಲ್ಲಿ ಒಂದು ಹಾಳೆ ಖಾಕಿ ಕಾಗದವನ್ನೂ ಒಂದು ಹಳೆಯ ಅಂಗಿಯನ್ನೂ ಕಳುಹಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ