ಸ್ಯಾಮುಗೆ: ಬಾಬೆಲ್ ಬಿದ್ದ ದಿನ ನಾನೆಲ್ಲಿ ನಿಲ್ಲೋದು?

ಪ್ರೀತಿಯ ಸ್ಯಾಮು,

ಸತ್ಯವೇದದ ಕೊನೆಯ ಪುಸ್ತಕ ಪ್ರಕಟನೆ ಹೇಳುವ ಲೋಕದ ಅಂತ್ಯಕಾಲದ ಬಗ್ಗೆ ನೀನು ಕಳಿಸಿದ ವಿಡಿಯೋ ಪೂರ್ತಿ ನೋಡಿದೆ. ಅದೇ ಬೆಂಕಿ, ಅದೇ ನಗಾರಿ, ಅದೇ ನಕ್ಷೆ. ನಾಲ್ಕೂ ದಿಕ್ಕಿನಿಂದ ಕೆಂಪು ಬಾಣಗಳು ಬಂದು ಇಸ್ರೇಲಿನ ಮೆಗಿದ್ದೋಗೆ ಚುಚ್ಚುತ್ತವೆ. ಫೋನಿನಲ್ಲೇ ಹೇಳಬಹುದಿತ್ತು. ಇಲ್ಲಿ ನಾಲ್ಕು ಜನರ ಎದುರು ಬರೆದರೆ ನೀನು ನಡುವೆ ಬಾಯಿ ಹಾಕೋಕೆ ಆಗಲ್ಲ, ಅದಕ್ಕೇ ಈ ಪತ್ರ. ಓದುತ್ತಿರುವ ಉಳಿದವರಿಗೆ: ಇವನು ಮುಂಬೈ ಕನ್ನಡ ಸಭೆಯ ಸಂಡೇ ಸ್ಕೂಲಿನಲ್ಲಿ ನನ್ನ ಬೆಂಚಿನವನು, ಈಗ ಬೆಂಗಳೂರಿನಲ್ಲಿ ದೊಡ್ಡ ಮನುಷ್ಯ. ಎಂಟನೇ ತುತೂರಿಯ (ಪ್ರಕಟನೆಯಲ್ಲಿರೋದು ಏಳೇ) ಕತೆ ಇಲ್ಲಿ ಬರೆಯೋಲ್ಲ ಅಂತ ಅವನಿಗೆ ಮಾತು ಕೊಟ್ಟಿದ್ದೇನೆ.

ನಮ್ಮನ್ನು ಮೊದಲು ಹೆದರಿಸಿದ್ದು ಬಾರ್‌ಕೋಡ್, ನೆನಪಿದೆಯಾ? ಬಿಸ್ಕತ್ತಿನ ಪೊಟ್ಟಣದ ಮೇಲೆ ಪ್ರಕಟನೆಯ ದುಷ್ಟ ಮೃಗದ ಗುರುತು, 666, ಇದೆ ಅಂತ ನೀನು ಅಷ್ಟನ್ನೇ ಕತ್ತರಿಸಿ ಬಿಸಾಡಿ, ಬಿಸ್ಕತ್ತು ಮಾತ್ರ ತಿಂದೆ. 1991ರಲ್ಲಿ ಕುವೈತ್ ಯುದ್ಧವಾದಾಗ ಅದೇ ಪುಸ್ತಕದಲ್ಲಿ ಬಿದ್ದುಹೋಗುವ ಪಾಪದ ಪಟ್ಟಣ ಬಾಬೆಲ್ ಅಂದರೆ ಇರಾಕೇ ಅಂತ ದೊಡ್ಡವರೆಲ್ಲ ತೀರ್ಮಾನಿಸಿದರು. ಆಮೇಲೆ ಕ್ರೆಡಿಟ್ ಕಾರ್ಡ್, ಆಧಾರ್, ಲಸಿಕೆ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್‌ನ ಮಾತು ನಂಬಿದ ಜನ 1844ರ ಅಕ್ಟೋಬರ್ 22ಕ್ಕೆ ಯೇಸು ಬರುತ್ತಾನೆ ಅಂತ ಕಾದಿದ್ದರು. ದಿನ ಕಳೆಯಿತು, ಲೆಕ್ಕ ಹಾಕೋರ ಚಟ ಕಳೆಯಲಿಲ್ಲ. 666 ಅಂದರೆ ರೋಮಿನ ಚಕ್ರವರ್ತಿ ನೀರೋ ಕೈಸರ ಅಂತ ಬಹಳ ಪಂಡಿತರು ಹೇಳುತ್ತಾರೆ. ಆ ಹೆಸರನ್ನು ಇಬ್ರಿಯ (ಹೀಬ್ರೂ) ಅಕ್ಷರಗಳಲ್ಲಿ ಬರೆದು, ಅವುಗಳ ಅಂಕಿಯ ಬೆಲೆ ಕೂಡಿದರೆ ಸರಿಯಾಗಿ ಬರುತ್ತದೆ. ಕೆಲವು ಹಳೆಯ ಪ್ರತಿಗಳಲ್ಲಿ 616 ಇದೆ, ನೀರೋನ್ ಅನ್ನೋದರ ಕೊನೆಯ 'ನ್' ಬಿಟ್ಟರೆ ಅದೂ ಸರಿ. ಇರಲಿ ಬಿಡು. ಮೃಗದ ಭಯ ನನಗೆ ಯಾವತ್ತೋ ಹೋಯಿತು. ಈಗ ಹಿಡಿದಿರೋದು ಹದಿನೆಂಟನೇ ಅಧ್ಯಾಯದ ಭಯ.

ಆಗಿದ್ದು ಇಷ್ಟು. ಮನೆಪ್ರಾರ್ಥನೆಯಲ್ಲಿ ಈ ಸಲ ಪ್ರಕಟನೆ ಓದುತ್ತಿದ್ದೇವೆ. ಸಭೆಯ ಪಾಸ್ಟರ್ ಅಯ್ಯನವರು 18ನೇ ಅಧ್ಯಾಯ ನನ್ನ ಪಾಲಿಗೆ ಹಾಕಿದರು. ಲೋಕಲ್‌ನಲ್ಲಿ ಸೀಟು ಸಿಕ್ಕಿತ್ತು, ಓದಿಕೊಳ್ಳೋಣ ಅಂತ ತೆಗೆದೆ. ಬಾಬೆಲ್ ಬಿದ್ದಳು, ಬಿದ್ದಳು ಅಂತ ದೇವದೂತ ಕೂಗುತ್ತಾನೆ. ಅಲ್ಲಿವರೆಗೂ ಸರಿ. ಆಮೇಲೆ ಅವಳ ಮಾರುಕಟ್ಟೆಗೆ ಬರುತ್ತಿದ್ದ ಸರಕಿನ ಪಟ್ಟಿ ಶುರುವಾಯಿತು ನೋಡು. ನನ್ನ ಹೊಟ್ಟೆಪಾಡು ನಿನಗೆ ಗೊತ್ತಲ್ಲ, ನ್ಹಾವಾ ಶೇವಾ ಬಂದರಿಗೆ ಬರುವ ಮಾಲಿನ ಕಾಗದಪತ್ರ ಮಾಡೋದು. ಕಣ್ಣು ತಾನಾಗಿಯೇ ಕಸ್ಟಮ್ಸ್ ಕೋಡ್, ಅಂದರೆ ಒಂದೊಂದು ಜಾತಿಯ ಮಾಲಿಗೆ ಇರುವ ನಂಬರ್, ಹಾಕುತ್ತಾ ಹೋಯಿತು. ಚಿನ್ನ, ಬೆಳ್ಳಿ, ರತ್ನ, ಮುತ್ತು: 71. ರೇಷ್ಮೆ: 50. ಸುವಾಸನೆಯ ಮರ: 44. ದಂತ: 05. ಕಬ್ಬಿಣ: 72. ದಾಲ್ಚಿನ್ನಿ: 09. ರಕ್ತಬೋಳ, ಧೂಪ: 13. ದ್ರಾಕ್ಷಾರಸ: 22. ಎಣ್ಣೆ, ಹಿಟ್ಟು, ಗೋಧಿ. ದನ, ಕುರಿ, ಕುದುರೆ: 01. ರಥ: 87.

ಕೊನೆಯಲ್ಲಿ ಮನುಷ್ಯರ ಶರೀರ, ಮನುಷ್ಯರ ಪ್ರಾಣ.

ಅದಕ್ಕೆ ಕೋಡ್ ಇಲ್ಲ. ರೈಲು ಠಾಣೆ ಸ್ಟೇಷನ್ ದಾಟಿದರೂ ನಾನು ಅದೇ ಸಾಲಿನಲ್ಲಿದ್ದೆ.

ಆ ಪಟ್ಟಿ ಬರೀ ಕಲ್ಪನೆಯಲ್ಲ ಸ್ಯಾಮು. ಯೋಹಾನ ಪತ್ಮೊಸ್ ದ್ವೀಪದಲ್ಲಿ ಇದನ್ನು ಬರೆದದ್ದು ಸುಮಾರು ಕ್ರಿ.ಶ. 95ರಲ್ಲಿ ಅಂತಾರೆ. ಏಳು ಬೆಟ್ಟಗಳ ಮೇಲೆ ಕೂತ ಬಾಬೆಲ್ ಅಂದರೆ ರೋಮ್ ಅಂತ ಆಗಿನ ಎಲ್ಲರಿಗೂ ಗೊತ್ತು. ಆ ರೋಮಿಗೆ ಮುತ್ತು, ದಂತ, ಸಾಂಬಾರ ಪದಾರ್ಥ ಹೋಗುತ್ತಿದ್ದದ್ದು ನಮ್ಮ ಈ ಪಶ್ಚಿಮ ಕರಾವಳಿಯಿಂದಲೂ. ಅದೇ ಶತಮಾನದಲ್ಲಿ ಒಬ್ಬ ಗ್ರೀಕ್ ವ್ಯಾಪಾರಿ ಬರೆದಿಟ್ಟ ಪೆರಿಪ್ಲಸ್ ಅನ್ನೋ ಸಮುದ್ರಯಾನದ ಕೈಪಿಡಿಯಲ್ಲಿ ಕಲ್ಯಾಣದ ಹೆಸರಿದೆ, ಮುಂಬೈ ಪಕ್ಕದ ಸೋಪಾರಾದ ಹೆಸರಿದೆ. ಹೌದು, ನಾನು ದಿನಾ ಲೋಕಲ್ ಹತ್ತುವ ಕಲ್ಯಾಣ್! ಭಾರತದ ಮಾಲಿಗೆ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ (ರೋಮಿನ ನಾಣ್ಯ) ಹಣ ಸುರಿಯುತ್ತಿದ್ದೇವೆ ಅಂತ ರೋಮಿನ ಲೇಖಕ ಪ್ಲಿನಿ ಗೊಣಗಿದ್ದಾನೆ. ಅಂದರೆ ಬಾಬೆಲಿಗೆ ಲೋಡ್ ಮಾಡಿ ಕಳಿಸಿದವರಲ್ಲಿ ನಮ್ಮ ಕಡೆಯವರೂ ಇದ್ದರು. ಆಗಲೂ ಯಾರೋ ಒಬ್ಬ ಕೂತು ಪಟ್ಟಿ ಬರೆದಿರಬೇಕು, ಅಲ್ವಾ?

ಇನ್ನು ಅಳೋರನ್ನು ನೋಡು. ರಾಜರು ದೂರ ನಿಂತು ಅಳುತ್ತಾರೆ. ವರ್ತಕರು ದೂರ ನಿಂತು ಅಳುತ್ತಾರೆ, ಯಾಕೆ ಅಂದರೆ ಇನ್ನು ಅವರ ಸರಕು ಕೊಳ್ಳೋರಿಲ್ಲ. ಊರೇ ಉರಿಯುತ್ತಿದೆ, ಇವರಿಗೆ ಸ್ಟಾಕಿನ ಚಿಂತೆ. ಹಡಗಿನವರು ತಲೆಗೆ ಮಣ್ಣು ಹಾಕಿಕೊಂಡು ಅಯ್ಯೋ ಅನ್ನುತ್ತಾರೆ. ಸಮುದ್ರದ ಮೇಲೆ ದುಡಿದು ತಿನ್ನೋರೆಲ್ಲ ಅಂತ ಬೇರೆ ಸೇರಿಸಿದ್ದಾನೆ ಯೋಹಾನ. ನಾನು ಒಂದು ದಿನ ಹಡಗು ಹತ್ತಿದವನಲ್ಲ. ಆದರೂ ಆ ಸಾಲಿನಲ್ಲಿ ನನಗೊಂದು ಜಾಗ ಇದೆ.

ಆ ಅಳು ಮುಗಿದ ಕೂಡಲೇ, ಮುಂದಿನ ಅಧ್ಯಾಯದಲ್ಲಿ, ಪರಲೋಕದಲ್ಲಿ ಹಲ್ಲೆಲೂಯ. ಇಡೀ ಹೊಸ ಒಡಂಬಡಿಕೆಯಲ್ಲಿ ಹಲ್ಲೆಲೂಯ ಬರೋದು ಅಲ್ಲಿ ಮಾತ್ರ, ನಾಲ್ಕು ಸಲ. ಅದು ಶುರುವಾಗೋದೇ ಬಾಬೆಲ್ ಬಿದ್ದಳು ಅನ್ನೋ ಸಂತೋಷಕ್ಕೆ. ನಾವು ಮದುವೆಯಿಂದ ಮಗುವಿನ ಹುಟ್ಟುಹಬ್ಬದವರೆಗೆ ಎಲ್ಲದಕ್ಕೂ ಹಾಡುತ್ತೇವೆ. ಯಾರ ಅಳುವಿನ ಮೇಲೆ ಆ ಹಾಡು ಎದ್ದಿತು ಅಂತ ಕೇಳಿಕೊಂಡವರಿಲ್ಲ.

ನಿನ್ನ ವಿಡಿಯೋದವರು ಹರ್ಮಗೆದೋನಿಗೆ, ಅಂದರೆ ಆ ಮೆಗಿದ್ದೋವಿನ ಕೊನೆಯ ಯುದ್ಧಕ್ಕೆ, ಟ್ಯಾಂಕ್ ಇಳಿಸುತ್ತಾರೆ. ಪುಸ್ತಕದಲ್ಲಿ ಸೈನ್ಯ ಸೇರುತ್ತದೆ, ಕಾದಾಟದ ವರ್ಣನೆಯೇ ಇಲ್ಲ. ಬಿಳಿ ಕುದುರೆಯ ಮೇಲೆ ಬರುವಾತನ, ಅಂದರೆ ಯೇಸುವಿನ, ಬಟ್ಟೆಗೆ ಯುದ್ಧಕ್ಕೆ ಮೊದಲೇ ರಕ್ತ ಹತ್ತಿದೆ, ಅದು ಆತನದೇ ರಕ್ತ ಅಂತ ನಾನು ನಂಬಿದ್ದೇನೆ. ಕತ್ತಿ ಇರೋದು ಬಾಯಲ್ಲಿ. ಮೃಗ ಸೆರೆಸಿಕ್ಕಿತು, ಅಷ್ಟೇ. ಬಾಬೆಲನ್ನು ಸುಡೋದು ಕೂಡ ಅವಳನ್ನು ಹೊತ್ತು ತಿರುಗಿದ ಅದೇ ಮೃಗ, 17ನೇ ಅಧ್ಯಾಯ ತೆಗೆದು ನೋಡು. ಯೂದ ಕುಲದ ಸಿಂಹ ಗೆದ್ದಿದ್ದಾನೆ ಅಂತ ಹಿರಿಯನೊಬ್ಬ ಹೇಳಿದಾಗ ಯೋಹಾನ ತಿರುಗಿ ನೋಡಿದರೆ ಅಲ್ಲಿ ನಿಂತಿದ್ದದ್ದು ಕೊಯ್ಯಲ್ಪಟ್ಟ ಕುರಿಮರಿ, ಅದೂ ಯೇಸುವೇ. ಗೆಲುವು ಶಿಲುಬೆಯ ಮೇಲೆ ಆಗಿ ಮುಗಿದಿದೆ. ಇದನ್ನು ನಾನು ನಂಬುತ್ತೇನೆ, ಇದರಲ್ಲಿ ತಮಾಷೆ ಇಲ್ಲ. ನನ್ನ ತೊಂದರೆ ಬೇರೆ. ಕೆಟ್ಟದ್ದು ಸೋಲುವ ದಿನ ಬಂದರೆ ನಾನು ಹಾಡುವ ಕಡೆ ಇರುತ್ತೇನಾ, ಅಳುವ ಕಡೆಯಾ?

ಅಪ್ಪನಿಗೆ ಈ ಅಧ್ಯಾಯ ಬಹಳ ಇಷ್ಟ ಇತ್ತು. ಇದನ್ನು ನಿನಗೂ ಹೇಳಿರಲಿಲ್ಲ. ಬೀದರಿನಿಂದ ಬಂದು ಮುಂಬೈನ ಮಸ್ಜಿದ್ ಬಂದರ್ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿದವನು. ಅವನ ಅಂಗಿಯಲ್ಲಿ ದಾಲ್ಚಿನ್ನಿ, ಮೆಣಸಿನ ಧೂಳು ಇರುತ್ತಿತ್ತು, ಅಮ್ಮ ಝಾಡಿಸಿದರೆ ಮನೆಯವರೆಲ್ಲ ಸೀನಬೇಕು. ಬಲಗೈಯ ಹೆಬ್ಬೆರಳ ಬುಡದಲ್ಲಿ ಮೂಟೆ ಎಳೆಯುವ ಕೊಕ್ಕೆ ಹಿಡಿದು ಹಿಡಿದು ಚರ್ಮ ಹಳದಿಯಾಗಿ ಗಟ್ಟಿಯಾಗಿತ್ತು. ಓದು ಅಷ್ಟಕ್ಕಷ್ಟೇ, ಹಾಗಾಗಿ ರಾತ್ರಿ ನನ್ನ ಕೈಲಿ ಸತ್ಯವೇದ ಓದಿಸುತ್ತಿದ್ದ. ವರ್ತಕರು ಅಳೋ ಜಾಗ ಬಂದರೆ, "ಕೊಳ್ಳೋರೇ ಇಲ್ಲಂತ? ಮತ್ತೊಮ್ಮೆ ಓದು" ಅಂತ ನಗುತ್ತಿದ್ದ. ಬೇರೆಯವರು ಅಳೋದಕ್ಕೆ ಇವನಿಗೇನು ಇಷ್ಟು ಖುಷಿ ಅಂತ ನನಗೆ ಒಳಗೇ ಅಸಹ್ಯ. ಈಗ ಅನ್ನಿಸುತ್ತೆ, ಪಟ್ಟಿಯ ಕೊನೆಯ ಸಾಲು ಯಾವುದು ಅಂತ ಅವನಿಗೆ ಗೊತ್ತಿತ್ತು. ಅದು ತಾನೇ ಅಂತ ಗೊತ್ತಿತ್ತು.

ನನ್ನ ಬಿಲ್ಲಿನಲ್ಲೂ ಹಮಾಲಿ ಕೊನೆಯ ಸಾಲು. ಸಾಗಾಟ, ಗೋದಾಮು, ಕಸ್ಟಮ್ಸ್, ನಮ್ಮ ಏಜೆನ್ಸಿ ಚಾರ್ಜ್, ಆಮೇಲೆ ಹಮಾಲಿ. ಇಲ್ಲಿ ಮಹಾರಾಷ್ಟ್ರದಲ್ಲಿ ಮೂಟೆ ಹೊರೋರಿಗಾಗಿ 1969ರ ಮಾಥಾಡಿ ಕಾನೂನು ಇದೆ, ಹೆಸರು ಬರೆಸಿಕೊಂಡವನಿಗೆ ಪಿಎಫ್, ಗ್ರ್ಯಾಚುಟಿ ಎಲ್ಲ ಇದೆ. ಬರೆಸಿಕೊಳ್ಳದ ಹುಡುಗರೂ ಬೇಕಾದಷ್ಟು ಸಿಗುತ್ತಾರೆ, ಅವರ ಹತ್ತಿರ ಚೌಕಾಶಿ ಮಾಡಬಹುದು. ಚೌಕಾಶಿಯಲ್ಲಿ ನಾನು ಜಾಣ ಅಂತ ಆಫೀಸಿನಲ್ಲಿ ಹೆಸರಿದೆ. ಆ ಹುಡುಗರ ಮೇಸ್ತ್ರಿ ಮುಕಾದಮನ ಜೊತೆ ಅಪ್ಪನ ಬೀದರ್ ಭಾಷೆಯಲ್ಲೇ ಮಾತಾಡುತ್ತೇನೆ, ಅವನು ಯಾದಗಿರಿಯವನು, ನಮ್ಮೋರು ಅಂತ ಕರಗುತ್ತಾನೆ. ದರ ಇಳಿಯುತ್ತದೆ. ಸಾಹೇಬರು ಶಾಭಾಸ್ ಅನ್ನುತ್ತಾರೆ. ನನ್ನ ಫಾಸ್ಟ್ ಲೋಕಲ್ ಅಪ್ಪ ದುಡಿದ ಆ ಮಸ್ಜಿದ್ ಸ್ಟೇಷನ್ನಿನಲ್ಲಿ ನಿಲ್ಲೋದಿಲ್ಲ. ಅದು ನನಗೆ ಎಷ್ಟು ಅನುಕೂಲ ಅಂತ ಈ ಅಧ್ಯಾಯ ಓದೋವರೆಗೂ ಹೊಳೆದಿರಲಿಲ್ಲ.

ಕೂಟದ ಕೊನೆಗೆ ಎಲ್ಲರೂ "ಕರ್ತನಾದ ಯೇಸುವೇ, ಬಾ" ಅಂತಾರಲ್ಲ, ನಾನು ಬರೀ ತುಟಿ ಆಡಿಸುತ್ತೇನೆ. ಬಾ, ಆದರೆ ಮನೆ ಸಾಲ ತೀರಲಿ. ಬಾ, ಆದರೆ ಮಗಳ ಹನ್ನೆರಡನೇ ಕ್ಲಾಸ್ ಮುಗಿಯಲಿ. ಸ್ಯಾಮು, ನಿಜವಾಗಿ ಹೇಳಲಾ? ಬಾರದಿದ್ದರೂ ನನಗೆ ನಡೆಯುತ್ತೆ ಅಂತ ಅನ್ನಿಸುವ ದಿನಗಳೇ ಜಾಸ್ತಿ.

ಅಯ್ಯೋ, ಇಷ್ಟೆಲ್ಲ ಬರೆಯೋ ಯೋಚನೆ ಇರಲಿಲ್ಲ. ನಮ್ಮ ಸಭೆಯವರೂ ಇದನ್ನು ಓದುತ್ತಾರೆ, ಭಾನುವಾರ ಬಾಗಿಲಲ್ಲೇ ನನ್ನ ತಲೆ ಮೇಲೆ ಕೈ ಇಟ್ಟು ಪ್ರಾರ್ಥನೆ ಶುರು ಮಾಡುತ್ತಾರೆ ನೋಡುತ್ತಿರು. ಅಳಿಸೋಣ ಅಂದರೆ ಹೆಂಡತಿ ಆಗಲೇ ಭುಜದ ಮೇಲಿಂದ ಓದಿ, "ತುಟಿ ಆಡಿಸೋದು ನನಗೆ ಗೊತ್ತಿತ್ತು" ಅಂದು ಒಳಗೆ ಹೋದಳು. ಅಯ್ಯನವರಿಗೆ ಅಧ್ಯಾಯ ಬದಲಿಸಿ ಕೊಡಿ ಅಂತಲೂ ಕೇಳಿದೆ. ಪುಸ್ತಕದ ಕೊನೆಗೆ ಬರುವ ಹೊಸ ಯೆರೂಸಲೇಮಾದರೆ ಸುಲಭ, ಬಾಗಿಲು ಮುಚ್ಚೋದಿಲ್ಲ, ರಾತ್ರಿ ಇಲ್ಲ, ಬೀದಿಯೆಲ್ಲ ಚಿನ್ನ. ಅದನ್ನು ನಮ್ಮ ಖಜಾಂಚಿ ಮೊದಲೇ ಹಿಡಿದುಬಿಟ್ಟಿದ್ದಾರಂತೆ!

ಸೋಮವಾರ ವಿಯೆಟ್ನಾಂನಿಂದ ದಾಲ್ಚಿನ್ನಿ ಕಂಟೇನರ್ ಬರುತ್ತಿದೆ. ಇಳಿಸೋದಕ್ಕೆ ಹುಡುಗರು ಬೇಕು, ಮುಕಾದಮ ಎರಡು ಸಲ ಫೋನ್ ಮಾಡಿದ್ದಾನೆ, ನಾನಿನ್ನೂ ಎತ್ತಿಲ್ಲ. ಅಷ್ಟರೊಳಗೆ ಬಾಬೆಲ್ ಬಿದ್ದರೆ ದರದ ಮಾತೇ ಬರೋದಿಲ್ಲ, ಆದರೆ ಕಂಟೇನರ್ ತಡವಾಗಿ ಬಿಡಿಸಿದ್ದಕ್ಕೆ ಬೀಳುವ ಆ ಡೆಮರೇಜ್ ದಂಡ ಯಾರ ತಲೆಗೆ ಕಟ್ಟೋದು ಅಂತ ನಿನ್ನ ವಿಡಿಯೋದವರನ್ನು ಸುಮ್ನೆ ಒಂದು ಮಾತು ಕೇಳು.

ನಿನ್ನ,
ಕಲ್ಯಾಣದ ವರ್ತಕ