ಶಂಕರ್ ನಾಗ್ ಅವರ ಅವಸರ, ಅವರ ತಾಳ್ಮೆ

ಪ್ರಿಯ ಗೆಳೆಯಾ,

ಶಂಕರ್ ನಾಗ್ ಎಂದೊಡನೆ ನಿನಗೆ ಆಟೋಗಳ ಹಿಂಬದಿಯ ಚಿತ್ರ ನೆನಪಾಗುತ್ತದೆ, ನನಗೆ ನಿರ್ದೇಶಕ. ಈ ಜಗಳ ನಮ್ಮ ಹಸಿರು ಕೊಡೆಯ ಪ್ರಸಂಗಕ್ಕಿಂತಲೂ ಹಳೆಯದು. ಈಚೆಗೆ ಆರ್.ಕೆ. ನಾರಾಯಣರ ಕಥೆಗಳಿಂದ ಅವರು ಮಾಡಿದ ಧಾರಾವಾಹಿ ‘ಮಾಲ್ಗುಡಿ ಡೇಸ್’ ಮತ್ತೆ ನೋಡಿದ ಮೇಲೆ ಮನಸ್ಸಿಗೆ ನೆಮ್ಮದಿಯಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

1980ರಲ್ಲಿ ‘ಮಿಂಚಿನ ಓಟ’, ಮರುವರ್ಷ ‘ಗೀತಾ’, 1985ರಲ್ಲಿ ‘ಆಕ್ಸಿಡೆಂಟ್’, ಅದರ ಬೆನ್ನಿಗೇ ದೂರದರ್ಶನಕ್ಕಾಗಿ ಆಗುಂಬೆಯಲ್ಲಿ ಕಟ್ಟಿದ ಮಾಲ್ಗುಡಿ. ಇವುಗಳ ನಡುವೆ ಸಂಕೇತ್ ತಂಡದ ನಾಟಕಗಳು, ಬೇರೆಯವರ ನಿರ್ದೇಶನದಲ್ಲಿ ನಟಿಸಿದ ಸಾಲು ಸಾಲು ಚಿತ್ರಗಳು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಅಪಘಾತವಾದಾಗ ಅವರಿಗಿನ್ನೂ 36 ತುಂಬಿರಲಿಲ್ಲ. ಹೀಗಾಗಿ ಅವರನ್ನು ವೇಗದ ಮನುಷ್ಯ ಎಂದೇ ಎಲ್ಲರೂ ಕೊಂಡಾಡುತ್ತೇವೆ, ಆದರೆ ಅವರು ತೆಗೆದ ದೃಶ್ಯಗಳಲ್ಲಿ ನನಗೆ ಆ ಅವಸರ ಕಾಣುವುದೇ ಇಲ್ಲ. ಅಪ್ಪನಾದ ಗಿರೀಶ ಕಾರ್ನಾಡರೆದುರು ನಿಂತ ಸ್ವಾಮಿ, ಅಂದರೆ ಮಾಸ್ಟರ್ ಮಂಜುನಾಥ್, ಉತ್ತರ ಹುಡುಕುವಷ್ಟು ಹೊತ್ತೂ ಕ್ಯಾಮೆರಾ ಕಾಯುತ್ತದೆ. ಮದುವೆ ಮುಗಿಯಲೆಂದು ಸಾವಿನ ಸುದ್ದಿಯ ತಂತಿಯನ್ನು ತನ್ನಲ್ಲೇ ಇಟ್ಟುಕೊಳ್ಳುವ ಅಂಚೆಯವನ ಕಥೆ ಒಂದೇ ಕಂತಿನಲ್ಲಿ ಮುಗಿದರೂ, ಅವನು ಮಾಡಿದ್ದು ಸರಿಯೋ ತಪ್ಪೋ ಎಂದು ನಿರ್ದೇಶಕ ತೀರ್ಪು ಕೊಡುವುದಿಲ್ಲ. ಇಂದಿನ ದಿನನಿತ್ಯದ ಧಾರಾವಾಹಿಯಾಗಿದ್ದರೆ ಆ ತಂತಿ ವಾರಗಟ್ಟಲೆ ಮನೆಯವರ ಕಣ್ಣಿಗೆ ಬೀಳುತ್ತ, ತಪ್ಪಿಸಿಕೊಳ್ಳುತ್ತ ಇರುತ್ತಿತ್ತು; ಅಷ್ಟು ಎಳೆದರೂ ಒಂದು ಮುಖವನ್ನು ನೆಟ್ಟಗೆ ನೋಡಲು ನಮಗೆ ಪುರಸೊತ್ತು ಇರುತ್ತಿರಲಿಲ್ಲ.

ನಾನು ಅನ್ನ ತಿನ್ನುವುದು ಇಂಥದೇ ಧಾರಾವಾಹಿಯಿಂದ ಎಂಬುದು ನಿನಗೆ ಗೊತ್ತು. ಸಂಕಲನಕ್ಕೆ ಕುಳಿತಾಗ ನಟಿಯ ಮೌನ ಎಷ್ಟು ಹೊತ್ತು ಇರಬೇಕೆಂಬುದನ್ನು ಮುಂದೆ ಬರುವ ಜಾಹೀರಾತು ನಿರ್ಧರಿಸುತ್ತದೆ. ಅದರ ಮೇಲೆ ನನಗೆ ಸಿಟ್ಟು ಬರುತ್ತಿತ್ತು, ಈಗೀಗ ಬರುತ್ತಿಲ್ಲ, ನನ್ನ ಭಯವೆಲ್ಲ ಆ ಸಿಟ್ಟು ಬಾರದಿರುವುದರಲ್ಲೇ ಇದೆ. ನಾಳೆ ನನ್ನದೇ ಚಿತ್ರಕ್ಕೆ ಯಾರಾದರೂ ಹಣ ಹೂಡಿದರೆ, ಪಾತ್ರವೊಂದು ಸುಮ್ಮನೆ ಕುಳಿತಿರುವುದನ್ನು ನೋಡುತ್ತ ನಿಲ್ಲುವ ಶಕ್ತಿ ನನ್ನಲ್ಲಿ ಉಳಿದಿದೆಯೇ? ಮನೆಯಲ್ಲೂ ಹೇಳದ ಈ ಮಾತನ್ನು, ಊರೆಲ್ಲ ಓದುವ ಪತ್ರದಲ್ಲಿ ಬರೆದುಬಿಟ್ಟೆ.

ಇರಲಿ. ಈ ಮಳೆಗಾಲದಲ್ಲಿ ಆಗುಂಬೆಗೆ ಹೋಗೋಣ. ಸ್ವಾಮಿ ಗೆಳೆಯನನ್ನು ಬೀಳ್ಕೊಟ್ಟ ಅರಸಾಳು ರೈಲು ನಿಲ್ದಾಣವನ್ನೂ ನೋಡಿಕೊಂಡು ಬರಬಹುದು. ಕೊಡೆ ಮಾತ್ರ ನಾನು ತರುತ್ತೇನೆ, ನಿನ್ನದು ಬೇಡ.

ನಿನ್ನವನು