ಆಟದ ಹಡಗು ಮಗುಚಿದರೆ ಮಗುವನ್ನು ಗದರಬೇಡಿ

ಮಾನ್ಯರೇ,

ರಜೆ ಶುರುವಾಯಿತೆಂದರೆ ತುಮಕೂರಿನ ಆಟಿಕೆ ಅಂಗಡಿಗಳಲ್ಲಿ ‘ನೀವೇ ಜೋಡಿಸಿ’ ಎನ್ನುವ ಹಡಗಿನ ಡಬ್ಬಗಳು ಕಾಣಿಸಿಕೊಳ್ಳುತ್ತವೆ. 3 ಮಿ.ಮೀ. ದಪ್ಪದ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ತುಂಡುಗಳು, ಪುಟ್ಟ ಮೋಟಾರು, ಗೋಡೆ ಗಡಿಯಾರಕ್ಕೆ ಹಾಕುವಂಥ ಎರಡು ಎಎ ಸೆಲ್ಲಿನ ಪೆಟ್ಟಿಗೆ, ಪ್ಲಾಸ್ಟಿಕ್ ಪ್ರೊಪೆಲ್ಲರ್ ಅದರಲ್ಲಿರುತ್ತವೆ. ಜೋಡಿಸಿ ಮೇಜಿನ ಮೇಲಿಟ್ಟರೆ ಚೆಂದ. ನೀರಿಗೆ ಬಿಟ್ಟರೆ ಪಕ್ಕಕ್ಕೆ ಮಲಗುತ್ತದೆ. ‘ನೀನು ಸರಿಯಾಗಿ ಜೋಡಿಸಿಲ್ಲ’ ಎಂದು ಮನೆಯವರು ಮಗುವನ್ನು ಗದರುತ್ತಾರೆ. ಬಹಳಷ್ಟು ಸಲ ತಪ್ಪು ಹಡಗಿನ ವಿನ್ಯಾಸದ್ದೇ. ಮಂಡಿಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ನಾಲ್ಕಾರು ಸಾಮಾನಿನಿಂದ ಅದನ್ನು ಸರಿಪಡಿಸಬಹುದು.

ಮೊದಲ ಕೆಲಸ ನೀರು ತಡೆಯುವುದು. ಎಂಡಿಎಫ್ ನೀರು ಹೀರುವುದು ಹೆಚ್ಚಾಗಿ ಕತ್ತರಿಸಿದ ಅಂಚಿನಲ್ಲಿ. ಒಮ್ಮೆ ಉಬ್ಬಿದ ಅಂಚು ಒಣಗಿದರೂ ಮೊದಲಿನಂತಾಗುವುದಿಲ್ಲ. ಸಾಮಾನ್ಯ ಬಿಳಿ ಗೋಂದು ನೀರಿನಲ್ಲಿ ಮೆತ್ತಗಾಗುವುದರಿಂದ ನೀರು ತಡೆಯುವ ಮರದ ಗೋಂದನ್ನೇ ಕೇಳಿ ತನ್ನಿ. ಮೊದಲು ಗೋಂದಿಲ್ಲದೆ ಎಲ್ಲ ತುಂಡುಗಳನ್ನು ಕೂರಿಸಿ ನೋಡಿ, ಬಿಗಿಯಿದ್ದ ಕಡೆ ಉಪ್ಪುಕಾಗದದಿಂದ ಉಜ್ಜಿ, ಆಮೇಲೆ ಅಂಟಿಸಿ. ಬಣ್ಣ ಅದರ ನಂತರ. ಬಣ್ಣ ಬಳಿದ ಮೇಲೆ ಗೋಂದು ಹಿಡಿಯುವುದಿಲ್ಲ. ವುಡ್ ಸೀಲರ್ ಎರಡು ಕೋಟು, ಮೇಲೊಂದು ಕೋಟು ಎನಾಮಲ್. ಹೊರಗೆ ಮಾತ್ರ ಬಳಿದು ಒಳಗೆ ಬಿಡುವವರೇ ಹೆಚ್ಚು, ಆದರೆ ತಳಕ್ಕೆ ನೀರು ಇಳಿದರೆ ಹಲಗೆ ಹಾಳಾಗುವುದು ಒಳಗಿನಿಂದಲೇ. ಮೋಟಾರು ಕೂರಿಸುವ ಮೊದಲು ಒಳಗೆ ಪತ್ರಿಕೆಯ ಹಾಳೆ ಹಾಸಿ (ನಿಮ್ಮದೇ ಆದೀತು) ಅರ್ಧ ಗಂಟೆ ತೇಲಲು ಬಿಡಿ. ಒದ್ದೆಯಾದ ಜಾಗ ನೋಡಿದರೆ ಸೋರಿಕೆ ಎಲ್ಲಿದೆಯೆಂದು ಗೊತ್ತಾಗುತ್ತದೆ.

ಮಗುಚುವುದಕ್ಕೆ ಕಾರಣ ಎರಡು: ಅಗಲ ಕಡಿಮೆ, ಭಾರ ಎತ್ತರದಲ್ಲಿ. ಸೆಲ್ ಬದಲಿಸಲು ಸುಲಭವಾಗಲಿ ಎಂದು ಪೆಟ್ಟಿಗೆಯನ್ನು ಮೇಲ್ಹಲಗೆಯ ಮೇಲೇ ಕೂರಿಸಲು ಹೇಳಿರುತ್ತಾರೆ. ಅದರ ಮೇಲೆ ಹೊಗೆ ಕೊಳವೆ, ಹಾಯಿಕಂಬ ಬೇರೆ. ಪೆಟ್ಟಿಗೆಯನ್ನು ತಳಕ್ಕೆ ಇಳಿಸಿ, ಮೇಲ್ಹಲಗೆಯನ್ನು ಅಂಟಿಸದೆ ತೆಗೆದು ಹಾಕುವಂತೆ ಬಿಡಿ. ಚಪ್ಪಟೆ ತಳದ, 30 ಸೆಂ.ಮೀ. ಉದ್ದ 6 ಸೆಂ.ಮೀ. ಅಗಲದ ಹಡಗು ಪ್ರತಿ 180 ಗ್ರಾಂ ಭಾರಕ್ಕೆ 1 ಸೆಂ.ಮೀ. ಮುಳುಗುತ್ತದೆ. ಎಷ್ಟು ಭಾರ ಸೇರಿಸಬೇಕೆಂದು ನೋಡಲು ಹತ್ತು ರೂಪಾಯಿ ನಾಣ್ಯ ಒಳ್ಳೆಯ ತೂಕದ ಬೊಟ್ಟು: ಹತ್ತು ನಾಣ್ಯಕ್ಕೆ ಸುಮಾರು 77 ಗ್ರಾಂ. ಅಂಗಡಿಯವರು ತೆಗೆದುಕೊಳ್ಳಲು ಮುಖ ಸಿಂಡರಿಸುವ ನಾಣ್ಯಕ್ಕೆ ಇಲ್ಲಾದರೂ ಕೆಲಸ ಸಿಗಲಿ. ತಳದ ನಡುಗೆರೆಯುದ್ದಕ್ಕೂ ಅವನ್ನಿಟ್ಟು, ಹಾಯಿಕಂಬವನ್ನು ಪಕ್ಕಕ್ಕೆ ಬಾಗಿಸಿ ಬಿಡಿ. ಹಡಗು ತಾನೇ ಎದ್ದು ನಿಂತರೆ ಸರಿ. ಓಲಾಡಿ ತಡವಾಗಿ ಎದ್ದರೆ ಇನ್ನೂ ನಾಲ್ಕು ನಾಣ್ಯ. ತೂಕ ಗೊತ್ತಾದ ಮೇಲೆ ಅಷ್ಟೇ ತೂಕದ ಕಬ್ಬಿಣದ ವಾಷರ್‌ಗಳನ್ನು ಎಂ-ಸೀಲ್ ಅಂಟಿನಿಂದ ಕೂರಿಸಿ. ಸಡಿಲವಾಗಿ ಬಿಟ್ಟರೆ ಅವು ವಾಲಿದ ಕಡೆಗೇ ಜಾರಿ ಹಡಗನ್ನು ಕೆಡವುತ್ತವೆ. ನೀರಿನಿಂದ ಮೇಲ್ಹಲಗೆಗೆ 2 ಸೆಂ.ಮೀ. ಆದರೂ ಉಳಿದಿರಬೇಕು.

ಇಷ್ಟಾದರೂ ನಿಲ್ಲದಿದ್ದರೆ ನೀರಿನ ಮಟ್ಟದಲ್ಲಿ ಎರಡೂ ಪಕ್ಕಕ್ಕೆ ಒಂದೂವರೆ ಸೆಂ.ಮೀ. ದಪ್ಪದ ಥರ್ಮಾಕೋಲ್ ಪಟ್ಟಿ ಅಂಟಿಸಿ. ಅಗಲ 6ರಿಂದ 9 ಸೆಂ.ಮೀ.ಗೆ ಏರಿದರೆ ಮಗುಚದಂತೆ ಅಗಲದಿಂದ ಸಿಗುವ ತಡೆ ಮೂರರಷ್ಟಕ್ಕಿಂತ ಹೆಚ್ಚಾಗುತ್ತದೆ. ನೋಡಲು ಅಷ್ಟು ಚೆಂದವಿರುವುದಿಲ್ಲ, ಬಣ್ಣ ಬಳಿದರೆ ಮಗು ಒಪ್ಪುತ್ತದೆ. ಥರ್ಮಾಕೋಲಿಗೆ ಎನಾಮಲ್ ತಾಗಿದರೆ ಕರಗುತ್ತದೆ, ಪೋಸ್ಟರ್ ಕಲರೂ ನೀರಿಗೆ ಬಿಡುತ್ತದೆ. ಅದಕ್ಕೆ ಅಕ್ರಿಲಿಕ್ ಬಣ್ಣವೇ ಆಗಬೇಕು.

ಪ್ರೊಪೆಲ್ಲರ್ ಸರಳು ಹಾಯುವ ಕೊಳವೆಯ ಒಳತುದಿ ನೀರಿನ ಮಟ್ಟಕ್ಕಿಂತ ಮೇಲಿರಲಿ, ಕೊಳವೆಯೊಳಗೆ ಗ್ರೀಸ್ ತುಂಬಿ. ಸರಳು ತೀರಾ ಓರೆಯಾದರೆ ಹಿಂಭಾಗ ಎದ್ದು ಮೂತಿ ನೀರಿಗಿಳಿಯುತ್ತದೆ; 10–15 ಡಿಗ್ರಿ ಸಾಕು. ಮೋಟಾರನ್ನೂ ಸರಳನ್ನೂ ಜೋಡಿಸಲು ಸೈಕಲ್ ಅಂಗಡಿಯ ವಾಲ್ ಟ್ಯೂಬಿನ 2 ಸೆಂ.ಮೀ. ತುಂಡು ಬೇಕಾದಷ್ಟಾಯಿತು, ಎರಡೂ ಒಂದೇ ಗೆರೆಯಲ್ಲಿಲ್ಲದಿದ್ದರೂ ತುಸು ಸಹಿಸಿಕೊಳ್ಳುತ್ತದೆ. ಹಿಂದಕ್ಕೆ ಹೋದರೆ ಎರಡು ವೈರು ಅದಲು ಬದಲು ಮಾಡಿ. ಹಡಗನ್ನು ಸದಾ ಒಂದೇ ಪಕ್ಕಕ್ಕೆ ತಿರುಗಿಸುವುದು ಒಂಟಿ ಪ್ರೊಪೆಲ್ಲರಿನ ಸ್ವಭಾವ. ಚುಕ್ಕಾಣಿಯನ್ನು ಎದುರು ಪಕ್ಕಕ್ಕೆ ಕೊಂಚ ತಿರುಗಿಸಿಡಿ. ವೇಗಕ್ಕೆಂದು 9 ವೋಲ್ಟಿನ ಚೌಕ ಬ್ಯಾಟರಿ ಹಾಕಬೇಡಿ. 3 ವೋಲ್ಟಿನ ಮೋಟಾರು ಕಾದುಹೋಗುತ್ತದೆ, ಬ್ಯಾಟರಿಯೂ ಬೇಗ ಬಸವಳಿಯುತ್ತದೆ.

ಆಡಲು ಅಗಲವಾದ ಟಬ್ ಸಾಕು, ಅದರ ಪಕ್ಕದಲ್ಲೂ ದೊಡ್ಡವರೊಬ್ಬರು ಇರಲಿ. ಅಮಾನಿಕೆರೆಯ ದಂಡೆ ಬೇಡವೇ ಬೇಡ. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ವಾಷರ್, ಸ್ಕ್ರೂ, ಗುಂಡಿ ಸೆಲ್ ಕೈಗೆ ಸಿಗದಂತಿರಲಿ.

2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಕೊಳ್ಳುವವರು ಅದನ್ನು ನೋಡಿಯೇ ತೆಗೆದುಕೊಳ್ಳಲಿ. ಆದರೆ ಗುರುತು ಇದ್ದ ಮಾತ್ರಕ್ಕೆ ಹಡಗು ತೇಲುತ್ತದೆಂದಲ್ಲ. ತಯಾರಕರು ಡಬ್ಬದೊಳಗೆ ಕನ್ನಡದಲ್ಲೊಂದು ಹಾಳೆ ಇಟ್ಟು, ಸೆಲ್ಲು ಎಲ್ಲಿ ಕೂರಬೇಕು, ತಳಕ್ಕೆ ಎಷ್ಟು ಗ್ರಾಂ ಬೇಕು ಎಂದು ಬರೆಯಲಿ. ನಿಜವಾದ ಹಡಗಿನ ಪಕ್ಕೆಗೆ ಭಾರದ ಗೆರೆ (ಭಾರ ಹೇರಿದಾಗ ಎಲ್ಲಿಯವರೆಗೆ ಮುಳುಗಬಹುದೆಂದು ತೋರಿಸುವ ಗುರುತು) ಎಳೆಯುವುದು ಬ್ರಿಟನ್ನಿನಲ್ಲಿ 1876ರಲ್ಲೇ ಕಡ್ಡಾಯವಾಗಿತ್ತು. ಆಟದ ಹಡಗಿಗೂ ಅಂಥದ್ದೊಂದು ಗೆರೆ ಅಚ್ಚು ಹಾಕಿ ಕೊಡಲಿ.

– ವೃತ್ತಿ ಶಿಕ್ಷಣ ಶಿಕ್ಷಕರೊಬ್ಬರು, ತುಮಕೂರು